ಹೊಂದದ ಸಂಖ್ಯೆ: ಚಂದ್ರಶೇಖರ್ ಮಿತಿಯ ಹಳೆಯ ಪುಟಗಳಲ್ಲಿ

ಚಂದ್ರಶೇಖರ್ ಮಿತಿ ಎಷ್ಟು ಎಂದು ಕೇಳಿದರೆ ಭೌತಶಾಸ್ತ್ರ ಓದಿದ ಯಾರಾದರೂ ಥಟ್ಟನೆ ಹೇಳುತ್ತಾರೆ: ಸೂರ್ಯನ ದ್ರವ್ಯರಾಶಿಯ 1.44 ಪಟ್ಟು. ಅದಕ್ಕಿಂತ ಭಾರವಾದ ಶ್ವೇತಕುಬ್ಜ ನಕ್ಷತ್ರ ತನ್ನ ತೂಕವನ್ನು ತಾನೇ ತಾಳಲಾರದೆ ಕುಸಿಯುತ್ತದೆ. ಚಂದ್ರಶೇಖರ್ ಈ ಮಿತಿಯನ್ನು ಲೋಕದ ಮುಂದಿಟ್ಟ ಲೇಖನ ಆಸ್ಟ್ರೋಫಿಸಿಕಲ್ ಜರ್ನಲ್‌ನ 74ನೇ ಸಂಪುಟದಲ್ಲಿದೆ. ಪ್ರಕಟವಾದದ್ದು 1931ರ ಜುಲೈಯಲ್ಲಿ, 81 ಮತ್ತು 82ನೇ ಪುಟಗಳಲ್ಲಿ. ಇಡೀ ಲೇಖನ ಇಷ್ಟೇ. ಈಗ ಅದರ ಸ್ಕ್ಯಾನ್ ಪ್ರತಿ ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಸಿಗುತ್ತದೆ. ಆ ಎರಡು ಪುಟಗಳಲ್ಲಿ 1.44 ಎಂಬ ಸಂಖ್ಯೆ ಎಲ್ಲಿಯೂ ಇಲ್ಲ. ಇರುವುದು 0.91.

ಇದು ಮುದ್ರಣದೋಷವಲ್ಲ. ಅದೇ ಸಂಖ್ಯೆ ಗ್ರಾಮ್ ಲೆಕ್ಕದಲ್ಲೂ ಇದೆ: 1.822ನ್ನು ಹತ್ತರ 33ನೇ ಘಾತದಿಂದ ಗುಣಿಸಿದಷ್ಟು. ಸೂರ್ಯನ ತೂಕದಿಂದ ಭಾಗಿಸಿದರೆ ಬರುವುದು 0.91ರ ಆಸುಪಾಸೇ. ಹಾಗಾದರೆ ಲೇಖನದ ಮಿತಿಗೂ ಪಠ್ಯಪುಸ್ತಕದ ಮಿತಿಗೂ ನಡುವೆ ಅರ್ಧ ಸೂರ್ಯನಷ್ಟು ಅಂತರ ಹೇಗೆ ಬಂತು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದಾಗ, ನಾವೆಲ್ಲ ಕೇಳಿ ಬೆಳೆದ ಒಂದು ಕಥೆಯ ಹೊಲಿಗೆಗಳು ಒಂದೊಂದಾಗಿ ಕಾಣತೊಡಗಿದವು.

ಕಥೆ ಹೀಗಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಗಷ್ಟೇ ಪದವಿ ಮುಗಿಸಿದ 19 ವರ್ಷದ ಹುಡುಗ, ಸಿ.ವಿ. ರಾಮನ್ ಅವರ ಅಣ್ಣನ ಮಗ, 1930ರ ಜುಲೈ 31ರಂದು ಬೊಂಬಾಯಿಯಲ್ಲಿ ಹಡಗು ಹತ್ತುತ್ತಾನೆ. ಸೇರಬೇಕಾದದ್ದು ಕೇಂಬ್ರಿಜ್. ದಾರಿಯಲ್ಲಿ ಹೊತ್ತು ಕಳೆಯಲು ಲೆಕ್ಕ ಹಾಕುತ್ತಾ, ಶ್ವೇತಕುಬ್ಜಗಳಿಗೆ ಗರಿಷ್ಠ ದ್ರವ್ಯರಾಶಿಯೊಂದಿದೆ ಎಂದು ಕಂಡುಹಿಡಿಯುತ್ತಾನೆ. ಇಂಗ್ಲೆಂಡಿನ ದೊಡ್ಡವರು ನಂಬುವುದಿಲ್ಲ. 1935ರಲ್ಲಿ ಸರ್ ಆರ್ಥರ್ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಗೇಲಿ ಮಾಡುತ್ತಾರೆ. 1983ರಲ್ಲಿ ನೊಬೆಲ್ ಬರುತ್ತದೆ. ಕಥೆಯಲ್ಲಿ ಸುಳ್ಳು ಎಂದು ಕಿತ್ತು ಬಿಸಾಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಇದರ ಒಂದೊಂದು ಭಾಗ ಒಂದೊಂದು ಬಗೆಯ ಆಧಾರದ ಮೇಲೆ ನಿಂತಿದೆ. ಕೆಲವಕ್ಕೆ ಅಚ್ಚಿನಲ್ಲಿ ಬಿದ್ದ ದಿನಾಂಕವಿದೆ. ಕೆಲವಕ್ಕೆ ದಶಕಗಳ ನಂತರದ ನೆನಪು ಮಾತ್ರ ಇದೆ. ಇನ್ನು ಕೆಲವನ್ನು ಕಾಗದ ಪೆನ್ಸಿಲ್ ಹಿಡಿದು ನಾವೇ ಲೆಕ್ಕ ಹಾಕಿ ನೋಡಬಹುದು. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಮೊದಲು ಲೆಕ್ಕ ಹಾಕಿ ನೋಡಬಹುದಾದದ್ದನ್ನೇ ತೆಗೆದುಕೊಳ್ಳೋಣ. 0.91 ಏಕೆ?

ಥಟ್ಟನೆ ಹೊಳೆಯುವ ಅನುಮಾನ, ಆ ಕಾಲದ ಮೂಲ ಸ್ಥಿರಾಂಕಗಳು ಒರಟಾಗಿದ್ದವೇನೋ ಎಂಬುದು. ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಗುರುತ್ವ ಸ್ಥಿರಾಂಕ, ಪ್ರೋಟಾನಿನ ತೂಕ ಇವಿಷ್ಟೂ ಸೂತ್ರದಲ್ಲಿ ಬರುತ್ತವೆ. ಆದರೆ 1930ರ ಹೊತ್ತಿಗೆ ಇವೆಲ್ಲ ಚೆನ್ನಾಗಿಯೇ ಗೊತ್ತಿದ್ದವು. ಇವುಗಳ ತಪ್ಪೆಲ್ಲ ಒಟ್ಟುಗೂಡಿದರೂ ಉತ್ತರ ಶೇಕಡಾ ಕೆಲವಷ್ಟು ಆಚೀಚೆ ಆದೀತೇ ಹೊರತು ಒಂದೂವರೆ ಪಟ್ಟು ಆಗದು. ಎರಡನೆಯ ಅನುಮಾನ, ನಕ್ಷತ್ರದ ಒಳರಚನೆಯ ಗಣಿತದಲ್ಲೇ ಎಡವಟ್ಟಾಗಿತ್ತೇ ಎಂಬುದು. ಚಂದ್ರಶೇಖರ್ ಬಳಸಿದ್ದು ಪಾಲಿಟ್ರೋಪ್ ಎಂಬ ಅನಿಲಗೋಳದ ಮಾದರಿಯನ್ನು. ಅದರ ಕೋಷ್ಟಕಗಳನ್ನು ಸ್ವಿಟ್ಜರ್‌ಲೆಂಡಿನ ರಾಬರ್ಟ್ ಎಮ್ಡನ್ 1907ರಲ್ಲೇ ಪ್ರಕಟಿಸಿದ್ದರು, ಎಡಿಂಗ್ಟನ್ ತಮ್ಮ 1926ರ ಪುಸ್ತಕದಲ್ಲಿ ಬಳಸಿದ್ದರು. ಅಲ್ಲಿಯೂ ಇಷ್ಟು ದೊಡ್ಡ ತಪ್ಪಿಗೆ ಜಾಗವಿಲ್ಲ. ಎರಡೂ ದಾರಿ ಅಲ್ಲಿಗೇ ಮುಗಿದವು.

ಉಳಿದದ್ದು ಒಂದೇ ಅಕ್ಷರ, ಗ್ರೀಕಿನ ಮ್ಯೂ. ಒಂದು ಎಲೆಕ್ಟ್ರಾನಿನ ಪಾಲಿಗೆ ಎಷ್ಟು ಪ್ರೋಟಾನಿನಷ್ಟು ತೂಕ ಬರುತ್ತದೆ ಎಂಬುದರ ಅಳತೆ ಅದು. ನಕ್ಷತ್ರವನ್ನು ಎತ್ತಿ ಹಿಡಿಯುವುದು ಎಲೆಕ್ಟ್ರಾನುಗಳ ಒತ್ತಡ, ಕೆಳಗೆ ಜಗ್ಗುವುದು ನ್ಯೂಕ್ಲಿಯಸ್ಸುಗಳ ತೂಕ. ಹಾಗಾಗಿ ಈ ಅನುಪಾತದ ಮೇಲೆ ಎಲ್ಲವೂ ನಿಂತಿದೆ. ಜಲಜನಕಕ್ಕೆ ಇದರ ಬೆಲೆ 1. ಹೀಲಿಯಂ, ಇಂಗಾಲ, ಆಮ್ಲಜನಕಗಳಿಗೆ 2. ಕಬ್ಬಿಣಕ್ಕೆ ಸುಮಾರು 2.15. ಸೀಸಕ್ಕೆ 2.5. ಎರಡು ಪುಟದ ಆ ಲೇಖನದಲ್ಲಿ ಚಂದ್ರಶೇಖರ್ ಇಟ್ಟುಕೊಂಡ ಬೆಲೆ 2.5. ಮಿತಿಯು ಮ್ಯೂವಿನ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಈಗ 0.91ನ್ನು 2.5ರ ವರ್ಗದಿಂದ ಗುಣಿಸಿ, 2ರ ವರ್ಗದಿಂದ ಭಾಗಿಸಿ ನೋಡಿ: 1.42 ಬರುತ್ತದೆ. ಪಠ್ಯಪುಸ್ತಕದ ಸಂಖ್ಯೆಗೆ ಇನ್ನು ಕೂದಲೆಳೆಯಷ್ಟೇ ದೂರ. ಅಷ್ಟನ್ನು ಸ್ಥಿರಾಂಕಗಳ ಸುಧಾರಣೆ ತುಂಬಿಕೊಡುತ್ತದೆ.

ಅಂದರೆ 1930ರ ಗಣಿತ ಸರಿಯಾಗಿಯೇ ಇತ್ತು. ನಕ್ಷತ್ರದ ಹೊಟ್ಟೆಯೊಳಗೆ ಏನಿದೆ ಎಂಬ ತಿಳಿವಳಿಕೆ ಬೇರೆಯಾಗಿತ್ತು. ನಕ್ಷತ್ರಗಳು ಹೆಚ್ಚಾಗಿ ಭಾರಧಾತುಗಳಿಂದಾಗಿವೆ ಎಂಬ ನಂಬಿಕೆ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಸೆಸಿಲಿಯಾ ಪೇನ್ 1925ರಲ್ಲೇ ನಕ್ಷತ್ರಗಳ ಹೊರಪದರದಲ್ಲಿ ಜಲಜನಕ ಅಪಾರವಾಗಿದೆ ಎಂದು ಲೆಕ್ಕದಲ್ಲಿ ತೋರಿಸಿದ್ದರೂ, ಒಳಭಾಗದಲ್ಲೂ ಅದು ಗಣನೀಯವಾಗಿದೆ ಎಂಬುದನ್ನು ಎಡಿಂಗ್ಟನ್ ಮತ್ತು ಸ್ಟ್ರೋಮ್‌ಗ್ರೆನ್ ಬೇರೆಬೇರೆಯಾಗಿ ವಾದಿಸಿದ್ದು 1932ರಲ್ಲಿ. ಅದೇ ವರ್ಷ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ನ್ಯೂಕ್ಲಿಯಸ್ಸಿನೊಳಗೆ ಏನಿದೆ ಎಂಬುದು ಕೂಡ ಅಲ್ಲಿಯವರೆಗೆ ಮಬ್ಬಾಗಿಯೇ ಇತ್ತು. 1935ರ ಹೊತ್ತಿಗೆ ಚಂದ್ರಶೇಖರ್ ಜಾಣತನದಿಂದ ಮ್ಯೂವನ್ನು ತೆರೆದೇ ಇಟ್ಟರು: ಮಿತಿ ಎಂದರೆ 5.728ನ್ನು ಮ್ಯೂವಿನ ವರ್ಗದಿಂದ ಭಾಗಿಸಿದಷ್ಟು ಸೌರರಾಶಿ. ಶ್ವೇತಕುಬ್ಜಗಳಲ್ಲಿ ಹೆಚ್ಚಿನವು ಇಂಗಾಲ-ಆಮ್ಲಜನಕದವು ಎಂದು ನಂತರ ತಿಳಿದಾಗ 2 ಎಂಬ ಬೆಲೆ ತಂತಾನೇ ಬಂದು ಕೂತಿತು.

ಇಲ್ಲೊಂದು ಸ್ವಾರಸ್ಯವಿದೆ. ಶ್ವೇತಕುಬ್ಜಗಳಲ್ಲಿ ಹೆಸರುವಾಸಿಯಾದದ್ದು ಲುಬ್ಧಕ ನಕ್ಷತ್ರದ ಸಂಗಾತಿ. ಆಗಿನ ಅಂದಾಜಿನಲ್ಲಿ ಅದರ ದ್ರವ್ಯರಾಶಿ 0.85 ಸೂರ್ಯ. ಮಿತಿ 0.91 ಎಂದಾಗ ಅದು ಗಡಿಯ ಒಳಗೇ ಇತ್ತು, ಯಾರಿಗೂ ತಕರಾರಿಲ್ಲ. ಇಂದಿನ ಎಣಿಕೆಯಲ್ಲಿ ಅದು 1.02 ಸೂರ್ಯ. 0.91 ನಿಜವಾಗಿದ್ದರೆ ರಾತ್ರಿಯ ಆಕಾಶದ ಅತ್ಯಂತ ಪ್ರಖರ ನಕ್ಷತ್ರದ ಜೊತೆಗಾರನೇ ಇರಬಾರದಿತ್ತು! ಸೂತ್ರ ಸರಿಯಿದ್ದೂ ಸಂಖ್ಯೆ ತಪ್ಪಿತ್ತು. ಅತ್ತ ವೀಕ್ಷಣೆಯ ಸಂಖ್ಯೆಯೂ ತಪ್ಪಾಗಿದ್ದರಿಂದ ಎರಡೂ ಒಂದಕ್ಕೊಂದು ಹೊಂದಿಕೊಂಡು ಕೂತಿದ್ದವು. ಸಿದ್ಧಾಂತವೂ ವೀಕ್ಷಣೆಯೂ ತಾಳೆಯಾದವು ಎಂದ ಮಾತ್ರಕ್ಕೆ ಸಿದ್ಧಾಂತ ಗೆದ್ದಿತು ಎನ್ನುವಂತಿಲ್ಲ.

ಸಂಖ್ಯೆಯ ಗಂಟು ಬಿಚ್ಚಿತು. ಆದರೆ ಆ 2.5 ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಎದುರಾದದ್ದು ಇನ್ನೊಬ್ಬರ ಹೆಸರು, ಎಡ್ಮಂಡ್ ಸ್ಟೋನರ್.

ಲೀಡ್ಸ್ ವಿಶ್ವವಿದ್ಯಾಲಯದ ಸ್ಟೋನರ್ ಖಗೋಳದವರಲ್ಲ. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳ ಹಂಚಿಕೆಯ ಕುರಿತು ಅವರು 1924ರಲ್ಲಿ ಮಾಡಿದ ಕೆಲಸ ಪೌಲಿಗೆ ಬಹಿಷ್ಕರಣ ತತ್ತ್ವದ ದಾರಿ ತೋರಿಸಿತ್ತು. ಶ್ವೇತಕುಬ್ಜ ನಿಂತಿರುವುದೇ ಆ ತತ್ತ್ವದ ಮೇಲೆ. ಸಂತೆಯ ದಿನದ ಬಸ್ಸಿನಲ್ಲಿ ಸೀಟು ತುಂಬಿದ ಮೇಲೆ ಬಂದವರು ಟಾಪಿಗೆ ಹತ್ತಲೇಬೇಕಾದಂತೆ, ಕೆಳಗಿನ ಶಕ್ತಿಸ್ಥಾನಗಳು ಭರ್ತಿಯಾದ ಮೇಲೆ ಉಳಿದ ಎಲೆಕ್ಟ್ರಾನುಗಳು ಮೇಲಿನ ಸ್ಥಾನಗಳಿಗೆ ಹೋಗಲೇಬೇಕು. ಹಾಗೆ ಹೋದವು ವೇಗವಾಗಿ ಓಡುತ್ತಿರುತ್ತವೆ. ನಕ್ಷತ್ರ ತಣ್ಣಗಾದರೂ ಆ ಓಟದ ಒತ್ತಡ ಹೋಗುವುದಿಲ್ಲ. ಇದನ್ನು ಶ್ವೇತಕುಬ್ಜಗಳಿಗೆ ಮೊದಲು ಅನ್ವಯಿಸಿದವರು ಕೇಂಬ್ರಿಜ್‌ನ ಆರ್.ಎಚ್. ಫೌಲರ್, 1926ರ ಡಿಸೆಂಬರಿನಲ್ಲಿ. ಸ್ಟೋನರ್ 1929ರಲ್ಲಿ ಈ ವಿಚಾರವನ್ನು ಕೈಗೆತ್ತಿಕೊಂಡರು. ಅದೇ ವರ್ಷ ಎಸ್ಟೋನಿಯಾದ ಟಾರ್ಟುವಿನಿಂದ ವಿಲ್ಹೆಲ್ಮ್ ಆಂಡರ್ಸನ್ ಒಂದು ಆಕ್ಷೇಪ ಎತ್ತಿದರು: ಇಷ್ಟು ಸಾಂದ್ರತೆಯಲ್ಲಿ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಹತ್ತಿರ ಹೋಗುತ್ತದೆ, ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಅವರಿಗೆ ದೊರೆತ ಗರಿಷ್ಠ ರಾಶಿ ಸೂರ್ಯನ ಸುಮಾರು 0.7ರಷ್ಟು. ಸ್ಟೋನರ್ ಆ ಲೆಕ್ಕದ ಲೋಪ ತಿದ್ದಿ 1930ರ ಮೇ ತಿಂಗಳ ಫಿಲಾಸಾಫಿಕಲ್ ಮ್ಯಾಗಜಿನ್‌ನಲ್ಲಿ ತಮ್ಮ ಉತ್ತರ ಕೊಟ್ಟರು: 2.19ನ್ನು ಹತ್ತರ 33ನೇ ಘಾತದಿಂದ ಗುಣಿಸಿದಷ್ಟು ಗ್ರಾಮ್, ಅಂದರೆ ಸುಮಾರು 1.1 ಸೂರ್ಯ. ಅವರು ಬಳಸಿದ ಮ್ಯೂ ಕೂಡ 2.5.

1930ರ ಮೇ ಎಂದರೆ ಹಡಗು ಬೊಂಬಾಯಿ ಬಿಡುವುದಕ್ಕೆ ಇನ್ನೂ ಎರಡು ತಿಂಗಳಿದೆ.

ಈ ದಿನಾಂಕವನ್ನು ಹಿಡಿದುಕೊಂಡು, 'ಚಂದ್ರಶೇಖರ್ ಮಿತಿ' ಎಂಬ ಹೆಸರೇ ಅನ್ಯಾಯ, ಅದು ಸ್ಟೋನರ್ ಮಿತಿ ಎನ್ನುವವರಿದ್ದಾರೆ. ಅಮೆರಿಕದ ಭೌತವಿಜ್ಞಾನಿ ಮೈಕೆಲ್ ನಾವೆನ್‌ಬರ್ಗ್ 2008ರಲ್ಲಿ ಸ್ಟೋನರ್ ಪಾಲನ್ನು ವಿವರವಾಗಿ ಮುಂದಿಟ್ಟ ಮೇಲೆ ಈ ಮಾತಿಗೆ ಬಲ ಬಂತು. ಇದರ ಜೊತೆಗೇ ಕೆಲವರು ಪಿಸುಗುಡುವ ಇನ್ನೊಂದು ಮಾತಿದೆ: ಚಂದ್ರಶೇಖರ್ ಸ್ಟೋನರ್ ಹೆಸರನ್ನು ಮುಚ್ಚಿಟ್ಟರು ಎಂದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಎರಡನೆಯದು ಸುಲಭ. ಎರಡು ಪುಟದ ಲೇಖನವನ್ನು ತೆರೆದರೆ ಸಾಕು. ಸ್ಟೋನರ್ ಹೆಸರು ಅಲ್ಲೇ ಇದೆ. ತನ್ನ ಉತ್ತರವನ್ನೂ ಸ್ಟೋನರ್ ಉತ್ತರವನ್ನೂ ಪಕ್ಕಪಕ್ಕ ಇಟ್ಟು, ಎರಡರ ನಡುವೆ ಇಷ್ಟು ಸಾಮ್ಯವಿರುವುದೇ ಆಶ್ಚರ್ಯ ಎಂದು ಲೇಖಕರೇ ಬರೆದಿದ್ದಾರೆ. ಆಶ್ಚರ್ಯಕ್ಕೆ ಕಾರಣವೂ ಇದೆ: ಸಾಪೇಕ್ಷತೆ ಸೇರಿಸದ ಲೆಕ್ಕದಲ್ಲಿ ಇಬ್ಬರ ಸಾಂದ್ರತೆಯ ಉತ್ತರಗಳ ನಡುವೆ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸವಿತ್ತು. ಮುಚ್ಚಿಟ್ಟರು ಎಂಬ ಆರೋಪ ಇಲ್ಲಿಗೆ ಬಿದ್ದುಹೋಯಿತು.

ಮೊದಲನೆಯದು ಅಷ್ಟು ಸಲೀಸಲ್ಲ. ಸ್ಟೋನರ್ ಕೈಯಲ್ಲಿ ಏನಿತ್ತು, ಚಂದ್ರಶೇಖರ್ ಕೈಯಲ್ಲಿ ಏನಿತ್ತು ಎಂದು ಸಾಲು ಸಾಲಾಗಿ ಹೋಲಿಸಬೇಕಾಯಿತು. ಸ್ಟೋನರ್ ನಕ್ಷತ್ರ ಒಳಗೂ ಹೊರಗೂ ಒಂದೇ ಸಾಂದ್ರತೆಯದು. ಅಂಥ ನಕ್ಷತ್ರ ಎಲ್ಲಿಯೂ ಇಲ್ಲ. ನಿಜವಾದ ನಕ್ಷತ್ರದ ನಡುಭಾಗ ಅಂಚಿಗಿಂತ ಬಹುಪಾಲು ದಟ್ಟ. ಆದರೆ ಎಲೆಕ್ಟ್ರಾನುಗಳ ವೇಗ ನಿಧಾನದಿಂದ ಬೆಳಕಿನ ವೇಗದತ್ತ ಏರುವ ಇಡೀ ದಾರಿಯನ್ನು ಅವರು ಹಿಡಿದಿದ್ದರು. ರಾಶಿ ಏರಿದಂತೆ ಸಾಂದ್ರತೆ ಹೇಗೆ ಏರುತ್ತದೆ, ಮಿತಿಯ ಬಳಿ ಹೇಗೆ ಅನಂತಕ್ಕೆ ಹಾರುತ್ತದೆ ಎಂಬುದು ಅವರ ಲೇಖನದಲ್ಲಿದೆ. ಚಂದ್ರಶೇಖರ್ ನಕ್ಷತ್ರ ಇದರ ತದ್ವಿರುದ್ಧ. ಅದರ ಒಳರಚನೆ ನಿಜವಾದದ್ದು, ಗುರುತ್ವ ಮತ್ತು ಒತ್ತಡ ಪ್ರತಿಯೊಂದು ಪದರದಲ್ಲೂ ತೂಗುವಂಥದ್ದು; ಆದರೆ ಎಲೆಕ್ಟ್ರಾನುಗಳೆಲ್ಲ ಬೆಳಕಿನ ವೇಗದಲ್ಲೇ ಓಡುತ್ತಿವೆ ಎಂಬ ತುತ್ತತುದಿಯ ಸ್ಥಿತಿ ಮಾತ್ರ ಲೆಕ್ಕದಲ್ಲಿದೆ. ಆ ತುದಿಯಲ್ಲಿ ಒತ್ತಡ ಸಾಂದ್ರತೆಯ ಐದು-ಮೂರಾಂಶ ಘಾತದ ಬದಲು ನಾಲ್ಕು-ಮೂರಾಂಶ ಘಾತದಲ್ಲಿ ಏರುತ್ತದೆ. ಘಾತದ ಈ ಸಣ್ಣ ಇಳಿಕೆಯಿಂದಲೇ ಅನಾಹುತ: ನಕ್ಷತ್ರ ಎಷ್ಟು ಕುಗ್ಗಿದರೂ ಒತ್ತಡ ಗುರುತ್ವವನ್ನು ಮೀರಿಸುವುದಿಲ್ಲ, ಸಮತೋಲ ಸಾಧ್ಯವಾಗುವುದು ಒಂದೇ ಒಂದು ದ್ರವ್ಯರಾಶಿಯಲ್ಲಿ.

ಹೀಗೆ 1930ರ ಕೊನೆಗೆ ಲೀಡ್ಸಿನಲ್ಲಿ ದಾರಿ ಇತ್ತು, ನಕ್ಷತ್ರ ಒರಟು. ಕೇಂಬ್ರಿಜ್‌ನಲ್ಲಿ ನಕ್ಷತ್ರ ಇತ್ತು, ದಾರಿ ಇರಲಿಲ್ಲ. ಯಾರ ಹೆಸರಿಡಬೇಕು ಎಂಬ ಜಗಳಕ್ಕಿಂತ ಈ ಹಂಚಿಕೆ ನನಗೆ ಮುಖ್ಯವಾಗಿ ಕಂಡಿತು. ಎಡಿಂಗ್ಟನ್ ಮುಂದೆ ಸಾಪೇಕ್ಷತೆ ಸೇರಿಸಿದ ಒತ್ತಡದ ಸೂತ್ರವನ್ನು ತಳ್ಳಿಹಾಕುವಾಗ ಅದಕ್ಕೆ ಕೊಟ್ಟ ಹೆಸರು 'ಸ್ಟೋನರ್-ಆಂಡರ್ಸನ್ ಸೂತ್ರ'. ಸಮಕಾಲೀನರಿಗೆ ಈ ಇಬ್ಬರ ಕೆಲಸ ಅಪರಿಚಿತವೇನೂ ಆಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಇನ್ನು ಹಡಗಿನ ವಿಷಯ. ಇಲ್ಲಿ ಅಚ್ಚಿನ ಸಾಕ್ಷ್ಯ ತೆಳುವಾಗುತ್ತದೆ. ಎರಡು ಪುಟದ ಲೇಖನದ ಕೊನೆಯಲ್ಲಿ ಊರು ಮತ್ತು ದಿನಾಂಕವಿದೆ: ಟ್ರಿನಿಟಿ ಕಾಲೇಜು, ಕೇಂಬ್ರಿಜ್, 1930ರ ನವೆಂಬರ್ 12. ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು. ಅಂದರೆ ಮುದ್ರಿತ ದಾಖಲೆಯಲ್ಲಿ ಈ ಮಿತಿಯ ಲೇಖಕನಿಗೆ 20 ವರ್ಷ. 19 ವರ್ಷದವನು ಕಾಣುವುದು ನೆನಪಿನಲ್ಲಿ. ಆ ನೆನಪು ವಿವರವಾಗಿ ದಾಖಲಾದದ್ದು 1977ರಲ್ಲಿ, ವಿಜ್ಞಾನದ ಇತಿಹಾಸಕಾರ ಸ್ಪೆನ್ಸರ್ ವೇರ್ಟ್ ನಡೆಸಿದ ಸಂದರ್ಶನದಲ್ಲಿ. ಅನಂತರ ಕಾಮೇಶ್ವರ ವಾಲಿ ಬರೆದ ಜೀವನಚರಿತ್ರೆಯಲ್ಲಿ. ಘಟನೆಗೂ ಹೇಳಿಕೆಗೂ ನಡುವೆ ಹತ್ತಿರಹತ್ತಿರ ಅರ್ಧ ಶತಮಾನ.

ಅರ್ಧ ಶತಮಾನದ ನೆನಪನ್ನು ಸುಮ್ಮನೆ ಒಪ್ಪಲೂ ಆಗದು, ಸುಮ್ಮನೆ ತಳ್ಳಲೂ ಆಗದು. ಕೇಳಬೇಕಾದ ಪ್ರಶ್ನೆ: ಹಡಗು ಹತ್ತುವಾಗ ಈ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಅವರ ಬಳಿ ಇತ್ತೇ? ಇದಕ್ಕೆ ಅಚ್ಚಿನ ಉತ್ತರ ಸಿಗುತ್ತದೆ. 1928ರಲ್ಲಿ ಜರ್ಮನಿಯ ಸೊಮ್ಮರ್‌ಫೆಲ್ಡ್ ಮದರಾಸಿಗೆ ಬಂದು ಹೋದರು. ಹೊಸ ಕ್ವಾಂಟಮ್ ಸಂಖ್ಯಾಶಾಸ್ತ್ರದ ಸುದ್ದಿ ಹುಡುಗನಿಗೆ ಅವರಿಂದಲೇ ತಲುಪಿತು. ಅದೇ ವರ್ಷದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಚಂದ್ರಶೇಖರರ ಲೇಖನವೊಂದಿದೆ. ಕಾಂಪ್ಟನ್ ಪರಿಣಾಮವನ್ನು ನಕ್ಷತ್ರಗಳ ಒಳಭಾಗಕ್ಕೆ ಅನ್ವಯಿಸಿದ್ದು. 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಇನ್ನೊಂದು, ಫರ್ಮಿ-ಡಿರಾಕ್ ಸಂಖ್ಯಾಶಾಸ್ತ್ರ ಬಳಸಿದ್ದು. ಅದನ್ನು ಸೊಸೈಟಿಗೆ ಒಪ್ಪಿಸಿದವರು ಇದೇ ಫೌಲರ್. ನಕ್ಷತ್ರದ ಒಡಲು, ಹೊಸ ಸಂಖ್ಯಾಶಾಸ್ತ್ರ, ವೇಗವಾಗಿ ಓಡುವ ಎಲೆಕ್ಟ್ರಾನಿನ ಗಣಿತ ಮೂರೂ ಮದರಾಸಿನಲ್ಲೇ ಕೈವಶವಾಗಿದ್ದವು. ಹಡಗಿನಲ್ಲಿ ಜೊತೆಗಿದ್ದ ಪುಸ್ತಕಗಳು ಎಡಿಂಗ್ಟನ್, ಸೊಮ್ಮರ್‌ಫೆಲ್ಡ್ ಮತ್ತು ಕಾಂಪ್ಟನ್ ಅವರವು ಎಂಬ ನೆನಪು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಲೆಕ್ಕದ ಸರಣಿಯೂ ನಂಬುವ ಹಾಗಿದೆ. ಫೌಲರ್ ಸಿದ್ಧಾಂತವನ್ನು ಎಡಿಂಗ್ಟನ್ ಪುಸ್ತಕದ ಪಾಲಿಟ್ರೋಪಿಗೆ ಜೋಡಿಸಿದರೆ, ನಕ್ಷತ್ರದ ಕೇಂದ್ರದ ಸಾಂದ್ರತೆ ಸರಾಸರಿಯ ಆರು ಪಟ್ಟು ಎಂದು ಕೂಡಲೇ ಗೊತ್ತಾಗುತ್ತದೆ. ಅಷ್ಟು ಸಾಂದ್ರತೆಯಲ್ಲಿ ಎಲೆಕ್ಟ್ರಾನಿನ ವೇಗ ಎಷ್ಟು ಎಂದು ಕೇಳಿದರೆ ಬೆಳಕಿನ ವೇಗಕ್ಕೆ ಹೋಲಿಸಬಹುದಾದಷ್ಟು ಎಂಬ ಉತ್ತರ. ಅಲ್ಲಿಂದ ಸಾಪೇಕ್ಷತೆಗೆ ಒಂದೇ ಹೆಜ್ಜೆ. ಪುಸ್ತಕದಲ್ಲಿ ಪಾಲಿಟ್ರೋಪಿನ ಇನ್ನೊಂದು ಕೋಷ್ಟಕ ತಯಾರಾಗಿಯೇ ಇದೆ. ನವೆಂಬರಿನ ಲೇಖನದಲ್ಲಿರುವುದು ಈ ಹೆಜ್ಜೆಗಳ ಫಲವೇ, ಹೆಚ್ಚೇನೂ ಇಲ್ಲ. ಆದ್ದರಿಂದ ಹಡಗಿನ ನೆನಪನ್ನು 'ಸಂಭಾವ್ಯ' ಎಂಬ ಮನೆಯಲ್ಲಿ ಇಡುತ್ತೇನೆ, 'ಸಾಬೀತು' ಎಂಬ ಮನೆಯಲ್ಲಿ ಅಲ್ಲ. ಅದೇ 1977ರ ಸಂದರ್ಶನದಲ್ಲಿ ಚಂದ್ರಶೇಖರ್ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಕಥೆ ಹೇಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಮಿತಿಗೆ ಅರ್ಥವೇನು ಎಂಬುದು ಆಗ ತನಗೆ ತಿಳಿದಿರಲಿಲ್ಲ ಎಂಬ ಮಾತು ಅದು.

ಈ ಮಾತು ವಿನಯದ್ದೋ ನಿಜದ್ದೋ? ಪರೀಕ್ಷಿಸಲು ಇನ್ನೊಂದು ಲೇಖನವಿದೆ. ನನ್ನ ಹುಡುಕಾಟದ ದಿಕ್ಕು ತಿರುಗಿದ್ದು ಅಲ್ಲಿಯೇ.

1931ರಲ್ಲಿ ಚಂದ್ರಶೇಖರ್ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಮಂತ್ಲಿ ನೋಟಿಸಸ್‌ನಲ್ಲಿ ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ಸಂಪುಟ 91, ಪುಟ 456ರಿಂದ. ಅತಿಯಾಗಿ ಕುಗ್ಗಿದ ನಕ್ಷತ್ರಗಳ ರಚನೆ ಅದರ ವಿಷಯ. ಮಿತಿ ಅಲ್ಲಿಯೂ ಬರುತ್ತದೆ, ಈ ಸಲ 0.92 ಎಂದು. ಆ ರಾಶಿಯಲ್ಲಿ ಕೇಂದ್ರದ ಸಾಂದ್ರತೆ ಅನಂತವಾಗುತ್ತದೆ ಎಂಬ ಫಲಿತಾಂಶಕ್ಕೆ ಬಂದು ನಿಂತ ಲೇಖಕ, ಅದನ್ನು ಭೌತಿಕವಾಗಿ ಊಹಿಸಲೂ ಅಸಾಧ್ಯವಾದದ್ದು ಎಂದು ಕರೆಯುತ್ತಾರೆ. ಆದ್ದರಿಂದ ಒಂದು ಹಂತದ ನಂತರ ಒತ್ತಡದ ಈ ಸೂತ್ರವೇ ನಿಲ್ಲುತ್ತದೆ ಎಂದು ಭಾವಿಸಲೇಬೇಕು, ಮುಂದಿನ ಸೂತ್ರ ಗೊತ್ತಿಲ್ಲದ್ದರಿಂದ ಇನ್ನಷ್ಟು ಅಮುಕಲಾಗದ ಗಟ್ಟಿ ತಿರುಳೊಂದು ನಡುವೆ ಇದೆ ಎಂದು ಇಟ್ಟುಕೊಳ್ಳೋಣ ಎಂದು ಮುಂದುವರಿಯುತ್ತಾರೆ. ಅಂದರೆ, ಮಿತಿಗಿಂತ ಭಾರವಾದ ನಕ್ಷತ್ರವನ್ನು ಆ ತಿರುಳು ಎತ್ತಿ ಹಿಡಿಯುತ್ತದೆ!

ಇದನ್ನು ಓದುವಾಗ ನಾನು ಪುಟದ ತಲೆಯಲ್ಲಿರುವ ಹೆಸರನ್ನು ಮತ್ತೆ ನೋಡಿದೆ. ನಾಲ್ಕು ವರ್ಷದ ನಂತರ ಎಡಿಂಗ್ಟನ್ ಹೇಳಲಿದ್ದ ಮಾತಿನ ಧಾಟಿಯೇ ಇದು. ನಕ್ಷತ್ರ ಹೀಗೆ ಕುಸಿಯುವುದು ಅಸಂಬದ್ಧ, ಅದನ್ನು ತಡೆಯುವ ಏನೋ ಇರಲೇಬೇಕು ಎಂಬ ಅನಿಸಿಕೆ. ಅದನ್ನು ಮೊದಲು ಅಚ್ಚಿನಲ್ಲಿ ಹೇಳಿದವರಲ್ಲಿ ಚಂದ್ರಶೇಖರರೇ ಒಬ್ಬರು. 1977ರ ಮಾತು ವಿನಯದ್ದಲ್ಲ, 1931ರ ಪುಟ ಅದಕ್ಕೆ ಸಾಕ್ಷಿ.

ಹೀಗೆ ಹಿಂಜರಿದವರು ಇವರೊಬ್ಬರೇ ಅಲ್ಲ. ರಷ್ಯಾದ ಲೆವ್ ಲ್ಯಾಂಡೌ 1931ರಲ್ಲಿ ಬರೆದು 1932ರಲ್ಲಿ ಅಚ್ಚಾದ ಲೇಖನದಲ್ಲಿ ಸ್ವತಂತ್ರವಾಗಿ ಇದೇ ಮಿತಿಗೆ ಬಂದರು. ಮ್ಯೂವನ್ನು 2 ಎಂದು ಹಿಡಿದಿದ್ದರಿಂದ ಅವರಿಗೆ ದೊರೆತದ್ದು ಸುಮಾರು 1.5, ಇಂದಿನ ಸಂಖ್ಯೆಗೆ ಎಲ್ಲರಿಗಿಂತ ಹತ್ತಿರ. ಆದರೆ ಅದಕ್ಕಿಂತ ಭಾರವಾದ ನಕ್ಷತ್ರಗಳು ಆರಾಮವಾಗಿ ಬೆಳಗುತ್ತಿರುವುದನ್ನು ಕಂಡು, ಅವುಗಳ ಒಳಗೆ ಕ್ವಾಂಟಮ್ ನಿಯಮಗಳೇ ಮುರಿದುಬೀಳುತ್ತವೆ ಎಂದುಬಿಟ್ಟರು. ಆಂಡರ್ಸನ್, ಸ್ಟೋನರ್, ಚಂದ್ರಶೇಖರ್, ಲ್ಯಾಂಡೌ: ಮೂರು ವರ್ಷದೊಳಗೆ ನಾಲ್ಕು ಜನ ಅದೇ ಗೋಡೆಗೆ ಹಣೆ ತಾಗಿಸಿಕೊಂಡರು. ಇಲ್ಲಿಗೆ ನನ್ನ ಪ್ರಶ್ನೆ ಬದಲಾಯಿತು. ಮಿತಿಯನ್ನು ಮೊದಲು ಲೆಕ್ಕ ಹಾಕಿದವರು ಯಾರು ಎಂಬುದನ್ನು ಬಿಟ್ಟು, ಅದನ್ನು ಮೊದಲು ನಂಬಿದವರು ಯಾರು, ಯಾವಾಗ ಎಂದು ಹುಡುಕತೊಡಗಿದೆ.

ಇದಕ್ಕೂ ದಿನಾಂಕಗಳಿವೆ. 1932ರಲ್ಲಿ ಜರ್ಮನ್ ಖಗೋಳ ಪತ್ರಿಕೆಯೊಂದರಲ್ಲಿ ಬಂದ ಚಂದ್ರಶೇಖರರ ಲೇಖನದಲ್ಲಿ ಧಾಟಿ ಬದಲಾಗಿದೆ. ನಕ್ಷತ್ರದ ಒಟ್ಟು ಒತ್ತಡದಲ್ಲಿ ಬೆಳಕಿನ ಒತ್ತಡದ ಪಾಲು ಶೇಕಡಾ 9.2 ಮೀರಿದರೆ, ಆ ಅನಿಲವನ್ನು ಎಷ್ಟು ಅಮುಕಿದರೂ ಅದು ಶ್ವೇತಕುಬ್ಜದ ಸ್ಥಿತಿಗೆ ಬರುವುದೇ ಇಲ್ಲ ಎಂಬ ವಾದ ಅಲ್ಲಿದೆ. ಭಾರದ ನಕ್ಷತ್ರಗಳಲ್ಲಿ ಬೆಳಕಿನ ಪಾಲು ಹೆಚ್ಚು. ಹಾಗಾದರೆ ಅವನ್ನು ಅಮುಕುತ್ತಲೇ ಹೋದರೆ ಕೊನೆಗೆ ಏನಾಗುತ್ತದೆ? ಆ ಪ್ರಶ್ನೆಯನ್ನು ಅವರು ಬಿಡಿಸಲಿಲ್ಲ, ಆದರೆ ಮುಚ್ಚಲೂ ಇಲ್ಲ. 1934ರಲ್ಲಿ ಅಬ್ಸರ್ವೇಟರಿ ಪತ್ರಿಕೆಯಲ್ಲಿ ಇನ್ನೂ ನೇರವಾಗಿ ಬರೆದರು: ಸಣ್ಣ ನಕ್ಷತ್ರದ ಬಾಳಿನ ದಾರಿ ಬೇರೆ, ದೊಡ್ಡ ನಕ್ಷತ್ರದ್ದು ಬೇರೆ, ದೊಡ್ಡದು ಶ್ವೇತಕುಬ್ಜವಾಗಲಾರದು, ಅದರ ಗತಿ ಏನೆಂದು ಬೇರೆ ಸಾಧ್ಯತೆಗಳನ್ನು ಊಹಿಸಬೇಕಷ್ಟೆ. ಗಟ್ಟಿ ತಿರುಳಿನ ಆಸರೆ ಇಲ್ಲಿ ಮಾಯವಾಗಿದೆ.

ಉಳಿದದ್ದು ಲೀಡ್ಸಿನ ದಾರಿಯನ್ನೂ ಕೇಂಬ್ರಿಜ್‌ನ ನಕ್ಷತ್ರವನ್ನೂ ಒಂದುಗೂಡಿಸುವ ಕೆಲಸ. 1934ರಲ್ಲಿ ರಷ್ಯಾಕ್ಕೆ ಹೋಗಿದ್ದಾಗ ವಿಕ್ಟರ್ ಅಂಬಾರ್ತ್ಸುಮ್ಯಾನ್ ಕೊಟ್ಟ ಸಲಹೆಯೂ ಅದೇ: ಎಲೆಕ್ಟ್ರಾನುಗಳ ವೇಗ ಎಷ್ಟೇ ಇದ್ದರೂ ಸಲ್ಲುವ ಪೂರ್ಣ ಸೂತ್ರ ಹಿಡಿದು, ಅಂದಾಜುಗಳಿಲ್ಲದೆ, ಒಂದೊಂದು ನಕ್ಷತ್ರವನ್ನೂ ಕೇಂದ್ರದಿಂದ ಅಂಚಿನವರೆಗೆ ಲೆಕ್ಕ ಹಾಕು. ಕಂಪ್ಯೂಟರ್ ಇಲ್ಲದ ಕಾಲ. ಕೈಯಿಂದ ಹಿಡಿಕೆ ತಿರುಗಿಸುವ ಯಂತ್ರದಲ್ಲಿ ಹಂತ ಹಂತವಾಗಿ ಕೂಡಿ ಕಳೆಯಬೇಕು. ಆ ಯಂತ್ರವನ್ನು ದೊರಕಿಸಿಕೊಟ್ಟವರು ಎಡಿಂಗ್ಟನ್, ಲೆಕ್ಕ ಎಲ್ಲಿಗೆ ಬಂತು ಎಂದು ಆಗಾಗ ಬಂದು ವಿಚಾರಿಸುತ್ತಿದ್ದವರೂ ಅವರೇ ಎಂದು ಚಂದ್ರಶೇಖರ್ ನೆನೆದಿದ್ದಾರೆ. ಫಲವಾಗಿ ಬಂದದ್ದು ಒಂದು ವಕ್ರರೇಖೆ. ರಾಶಿ ಹೆಚ್ಚಿದಂತೆ ನಕ್ಷತ್ರದ ತ್ರಿಜ್ಯ ಇಳಿಯುತ್ತಾ ಹೋಗಿ, ಮಿತಿಯ ಬಳಿ ಸೊನ್ನೆಯನ್ನು ಮುಟ್ಟುತ್ತದೆ. ಗಟ್ಟಿ ತಿರುಳು ಎಲ್ಲೂ ಬೇಕಾಗಲಿಲ್ಲ.

1935ರ ಜನವರಿ 11, ಶುಕ್ರವಾರ, ಲಂಡನ್ನಿನ ಬರ್ಲಿಂಗ್ಟನ್ ಹೌಸಿನಲ್ಲಿ ಚಂದ್ರಶೇಖರ್ ಇದನ್ನು ಓದಿದರು. ಅವರ ನಂತರ ಎದ್ದ ಎಡಿಂಗ್ಟನ್, ಸಾಪೇಕ್ಷತೆ ಸೇರಿಸಿದ ಆ ಒತ್ತಡದ ಸೂತ್ರವೇ ಇಲ್ಲ ಎಂದರು. ಅಬ್ಸರ್ವೇಟರಿ ಪತ್ರಿಕೆ ಈ ಸಭೆಯ ವರದಿಯನ್ನು ಕೂಡಲೇ ಅಚ್ಚು ಹಾಕಿತು. ಹಾಗಾಗಿ ಈ ಭಾಗಕ್ಕೆ ನೆನಪಿನ ಹಂಗಿಲ್ಲ. ಆ ವರದಿಯಲ್ಲಿ ಎಡಿಂಗ್ಟನ್ ವಾದ ಓದಿದರೆ ಒಂದು ಸೋಜಿಗ ಕಾಣುತ್ತದೆ. ಚಂದ್ರಶೇಖರ್ ಹೇಳಿದ್ದು ನಿಜವಾದರೆ ಭಾರದ ನಕ್ಷತ್ರ ಕೆಲವೇ ಕಿಲೋಮೀಟರ್ ತ್ರಿಜ್ಯಕ್ಕೆ ಕುಗ್ಗಿ, ತನ್ನ ಬೆಳಕನ್ನೂ ಹೊರಬಿಡದಷ್ಟು ಗುರುತ್ವ ಪಡೆಯುತ್ತದೆ ಎಂದು ಅವರೇ ವಿವರಿಸುತ್ತಾರೆ. ನಾವೀಗ ಕಪ್ಪುಕುಳಿ ಎನ್ನುವುದರ ಚಿತ್ರ ಅದು. ತರ್ಕದ ಕೊನೆಯವರೆಗೂ ಹೋಗಿ, ಕೊನೆಯನ್ನು ಕಂಡು, ಅದು ಅಸಂಬದ್ಧವಾದ್ದರಿಂದ ಆರಂಭವೇ ತಪ್ಪು ಎಂದು ವಾಪಸು ಬಂದರು. ಬೋರ್, ಪೌಲಿಯಂಥವರು ಖಾಸಗಿಯಾಗಿ ಎಡಿಂಗ್ಟನ್ ವಾದ ಒಪ್ಪಲಿಲ್ಲ. ಸೂತ್ರ ಸರಿಯಿದೆ ಎಂದು ರುಡಾಲ್ಫ್ ಪೈಯರ್ಲ್ಸ್ 1936ರಲ್ಲಿ ಅಚ್ಚಿನಲ್ಲೇ ತೋರಿಸಿದರು.

ಮಂತ್ಲಿ ನೋಟಿಸಸ್‌ನ 95ನೇ ಸಂಪುಟದಲ್ಲಿ ಎರಡೂ ಲೇಖನಗಳಿವೆ. ಚಂದ್ರಶೇಖರರದು 207ನೇ ಪುಟದಲ್ಲಿ ಆರಂಭವಾಗುತ್ತದೆ. ಎಡಿಂಗ್ಟನ್ ಖಂಡನೆ 194ನೇ ಪುಟದಲ್ಲಿ. ಪುಟ ತಿರುವುತ್ತಾ ಬಂದವನಿಗೆ ಮೊದಲು ಖಂಡನೆ, ಆಮೇಲೆ ಖಂಡಿಸಲ್ಪಟ್ಟದ್ದು! ಇದರಲ್ಲಿ ಸಂಪಾದಕರ ಸಂಚು ಹುಡುಕಲು ಆಧಾರವಿಲ್ಲ. ಆದರೆ ಅಂದಿನ ಸಾಮಾನ್ಯ ಓದುಗ ಈ ವಾದವನ್ನು ಯಾವ ಕ್ರಮದಲ್ಲಿ ಭೇಟಿಯಾದ ಎಂಬುದನ್ನು ಪುಟಸಂಖ್ಯೆಗಳು ಹೇಳುತ್ತವೆ.

ಈಗ ಲೆಕ್ಕ ಒಪ್ಪಿಸುತ್ತೇನೆ. ಶ್ವೇತಕುಬ್ಜಗಳಿಗೆ ಗರಿಷ್ಠ ರಾಶಿಯೊಂದಿದೆ ಎಂಬುದು ಚಂದ್ರಶೇಖರ್‌ಗಿಂತ ಮೊದಲೇ ಆಂಡರ್ಸನ್ ಮತ್ತು ಸ್ಟೋನರ್ ಲೇಖನಗಳಲ್ಲಿ ಅಚ್ಚಾಗಿತ್ತು; ಇದು ಖಚಿತ. ನಕ್ಷತ್ರದ ನಿಜವಾದ ಒಳರಚನೆಗೆ ಸಲ್ಲುವ ಮಿತಿಯನ್ನು ಚಂದ್ರಶೇಖರ್ 1930ರ ನವೆಂಬರ್ 12ರ ಹೊತ್ತಿಗೆ ಪಡೆದಿದ್ದರು, ಇದೂ ಖಚಿತ. ಅದನ್ನು ಹಡಗಿನಲ್ಲೇ ಪಡೆದರು ಎಂಬುದು ಸಂಭಾವ್ಯ. ಆ ಹೊತ್ತಿನಲ್ಲಿ ಸಂಖ್ಯೆ 1.44 ಆಗಿತ್ತು ಎಂಬುದು ತಪ್ಪು. ಹಡಗಿಳಿಯುವಾಗಲೇ ನಕ್ಷತ್ರಗಳ ಸಾವಿನ ಗುಟ್ಟು ಅವರಿಗೆ ಗೊತ್ತಿತ್ತು ಎಂಬುದು ಅವರದೇ 1931ರ ಲೇಖನಕ್ಕೆ ವಿರುದ್ಧ.

ಹಾಗಾದರೆ ಹೆಸರು ಬದಲಿಸಬೇಕೇ? ಬೇಡ ಎನ್ನುತ್ತೇನೆ, ಆದರೆ ರೂಢಿಯ ಕಾರಣಕ್ಕಲ್ಲ. ಹಡಗಿನ ಮೇಲಿನ ಪ್ರತಿಭೆಯ ಮಿಂಚಿಗೆ ಆ ಹೆಸರು ಎಂದರೆ ಸ್ಟೋನರ್ ಅವರಿಗೆ ಅನ್ಯಾಯ. ಉಳಿದವರು ಗೋಡೆ ಕಂಡಾಗ ಬಾಗಿಲೊಂದು ಇರಲೇಬೇಕೆಂದು ಊಹಿಸಿಕೊಂಡರು. ತಾನೂ ಒಮ್ಮೆ ಹಾಗೆಯೇ ಊಹಿಸಿದವನು ಮೂರು ವರ್ಷ ಅದರ ಮುಂದೆ ಕೂತು, ಊಹಿಸಿದ ಬಾಗಿಲನ್ನು ತಾನೇ ಮುಚ್ಚಿ, ಪೂರ್ಣ ಲೆಕ್ಕವನ್ನು ಮೇಜಿನ ಮೇಲಿಟ್ಟದ್ದಕ್ಕೆ ಆ ಹೆಸರು ಎಂದರೆ ಅದು ಸರಿಯಾಗಿ ಸಲ್ಲುತ್ತದೆ. ನಾಳೆ ಯಾವುದೋ ಕಟ್ಟಿನಲ್ಲಿ 1930ರ ಆಗಸ್ಟ್ ತಿಂಗಳ ದಿನಾಂಕ ಹೊತ್ತ ಲೆಕ್ಕದ ಹಾಳೆ ಸಿಕ್ಕರೆ, ಮೇಲಿನ ಪಟ್ಟಿಯಲ್ಲಿ 'ಸಂಭಾವ್ಯ' ಎಂದಿರುವುದನ್ನು 'ಖಚಿತ' ಎಂದು ತಿದ್ದಬೇಕಾಗುತ್ತದೆ. ಉಳಿದ ಸಾಲುಗಳನ್ನು ಅದು ಮುಟ್ಟುವುದಿಲ್ಲ.